"ಅದು ಗೊತ್ತು ಕಣವ್ವ, ಏನ್ನ ಓದ್ತಿದೀಯ ಅಂತ ಕೇಳಿದ್ದು"

ಕಳೆದ ತಿಂಗಳು ಊರಲ್ಲಿ ಚಿಕ್ಕಪ್ಪನ ಮನೆ ಗೃಹಪ್ರವೇಶ ಇತ್ತು. ನಮ್ಮೂರು ತುರುವೇಕೆರೆ ತಾಲ್ಲೂಕು. ಆದ್ರೆ ಸಂತೆ, ಆಸ್ಪತ್ರೆ, ಕೊಬ್ಬರಿ ವ್ಯಾಪಾರ ಎಲ್ಲಕ್ಕೂ ತಿಪಟೂರೇ ಆಗ್ಬೇಕು. ಶುಕ್ರವಾರ ರಾತ್ರಿ ಆಫೀಸಿನ ಕೊನೇ ಮೀಟಿಂಗ್ ಮುಗಿಸಿ ಬಸ್ಸು ಹತ್ತಿದವನು ಬೆಳಗಿನ ಜಾವ ಊರು ಸೇರಿದೆ. ಪೂಜೆ, ಊಟ ಎಲ್ಲ ಮುಗಿದ ಮೇಲೆ ಹಳೇ ಮನೆ ಜಗಲಿ ಮೇಲೆ ಎಲೆ-ಅಡಿಕೆ ತಟ್ಟೆ ಸುತ್ತ ಹತ್ತು ಹನ್ನೆರಡು ಜನ ಕೂತಿದ್ವಿ. ಎದುರಿಗೆ ಸುಲಿದ ಕಾಯಿ ರಾಶಿ. ಅದರ ಪಕ್ಕ ನಮ್ಮನೆಗೆ ಮೂವತ್ತು ವರ್ಷದಿಂದ ಕಾಯಿ ಸುಲಿಯೋಕೆ ಬರೋ ತಾತ.

ತಾತ ನಮ್ಮ ತಂಗಿಯನ್ನ, ಅಂದ್ರೆ ಚಿಕ್ಕಪ್ಪನ ಮಗಳನ್ನ ಕೇಳಿದರು. "ನೀನೇನವ್ವ ಓದ್ತಿರೋದು ಈಗ?"

"ಪಿಎಚ್‌ಡಿ ತಾತ."

"ಅದು ಗೊತ್ತು ಕಣವ್ವ. ಏನ್ನ ಓದ್ತಿದೀಯ ಅಂತ ಕೇಳಿದ್ದು."

ಇವಳು ಒಂದು ಕ್ಷಣ ತಡವರಿಸಿದಳು. ಆಮೇಲೆ ಇಂಗ್ಲಿಷಿನಲ್ಲಿರೋ ತನ್ನ ಪ್ರಬಂಧದ ಶೀರ್ಷಿಕೆಯನ್ನ ಹಾಗೇ ಕನ್ನಡಕ್ಕೆ ತಿರುಗಿಸಿ, "ತೆಂಗಿನ ಸುರುಳಿ ಬಿಳಿನೊಣದ ನೈಸರ್ಗಿಕ ಶತ್ರುಗಳ ಸಂರಕ್ಷಣೆ ತಾತ, ಅದರಲ್ಲೂ ಪರೋಪಜೀವಿ ಕೀಟಗಳದ್ದು" ಅಂದಳು. ತಾತ ತಲೆ ಆಡಿಸಿ "ಓ... ಒಳ್ಳೇದು ಬಿಡವ್ವ" ಅಂತ ಎಲೆಗೆ ಸುಣ್ಣ ಹಚ್ಚಿಕೊಂಡರು. ಆ "ಒಳ್ಳೇದು ಬಿಡವ್ವ" ಇದೆಯಲ್ಲ, ಅದರ ಅರ್ಥ ನಮ್ಮ ಕಡೆಯೋರಿಗೆಲ್ಲ ಗೊತ್ತು. ಮಾತು ಅಲ್ಲಿಗೆ ಮುಗೀತು ಅಂತ.

ಮುಗಿಯೋಕೆ ಬಿಡಬಾರದಿತ್ತು, ಯಾಕಂದ್ರೆ ತಾತನಿಗೆ ಆ ಹುಳದ ಕಥೆ ಬೇಕಿತ್ತು. ಅವರಿಗೂ ಅರ್ಧ ಎಕರೆ ತೋಟ ಇದೆ, ಅಲ್ಲಿನ ಗರಿಗಳೂ ಕಪ್ಪಾಗಿವೆ.

ಬಿಳಿನೊಣದ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಈ ಕೀಟ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡಿದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಕಡೆ. ನಮ್ಮ ಸೀಮೆಗೆ ಬರೋಕೆ ತುಂಬಾ ವರ್ಷ ಹಿಡೀಲಿಲ್ಲ. ಗರಿಯ ಕೆಳಗಡೆ ಸುರುಳಿ ಸುರುಳಿಯಾಗಿ ಮೊಟ್ಟೆ ಇಟ್ಟು, ರಸ ಹೀರಿ, ಅಂಟು ಅಂಟಾದ ಸಿಹಿ ದ್ರವ ಸುರಿಸುತ್ತೆ. ಆ ಅಂಟು ಕೆಳಗಿನ ಗರಿಗಳ ಮೇಲೆ, ತೋಟದೊಳಗಿನ ಬಾಳೆ ಎಲೆ ಮೇಲೆಲ್ಲ ಬಿದ್ದು, ಅದರ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು ಬೂಷ್ಟು ಬೆಳೆಯುತ್ತೆ. ಅದನ್ನ ನೋಡಿದ ರೈತನಿಗೆ ಎದೆ ಧಸಕ್ ಅನ್ನುತ್ತೆ. ನಮ್ಮಪ್ಪನಿಗೂ ಹಾಗೇ ಆಯ್ತು. ಟ್ರ್ಯಾಕ್ಟರಿಗೆ ಕಟ್ಟೋ ಸ್ಪ್ರೇಯರ್ ಬಾಡಿಗೆಗೆ ತಂದು, ಅಂಗಡಿಯವನು ಕೊಟ್ಟ ಔಷಧಿ ಹೊಡೆಸಿದರು. ಎರಡು ಸಲ. ಹುಳ ಕಡಿಮೆ ಆದ ಹಾಗಾಯ್ತು, ಮತ್ತೆ ಬಂತು.

ವಿಜ್ಞಾನಿಗಳ ಸಲಹೆ ಇದಕ್ಕೆ ತದ್ವಿರುದ್ಧವಾಗಿತ್ತು. ಕೀಟನಾಶಕ ಹೊಡೀಬೇಡಿ ಅಂತಲೇ ಹೇಳಿದ್ರು. ಈ ಬಿಳಿನೊಣದ ಮರಿಗಳ ಒಳಗೆ ಮೊಟ್ಟೆ ಇಡೋ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕಣಜ ಒಂದಿದೆ. ಎನ್ಕಾರ್ಸಿಯಾ ಅಂತ ಹೆಸರು. ಅದರ ಮರಿ ಬಿಳಿನೊಣದ ಮರಿಯನ್ನ ಒಳಗಿಂದಲೇ ತಿಂದು ಬೆಳೆದು ಹೊರಗೆ ಬರುತ್ತೆ. ಯಾರೂ ತಂದು ಬಿಡದೇ ಇದ್ದರೂ ತೋಟಗಳಲ್ಲಿ ತಾನಾಗೇ ಹೆಚ್ಚಿಕೊಂಡಿದೆ. ವಿಷ ಹೊಡೆದರೆ ಮೊದಲು ಸಾಯೋದು ಇದೇ. ಹಾಗಾಗಿ ಹಳದಿ ಅಂಟು ಹಾಳೆ ಕಟ್ಟಿ, ನೀರನ್ನ ಜೋರಾಗಿ ಹಾಯಿಸಿ ಗರಿ ತೊಳೀರಿ, ತಾಳ್ಮೆಯಿಂದ ಇರಿ ಅನ್ನೋದು ಅವರ ಮಾತು.

"ಏನೂ ಹೊಡೀಬೇಡಿ" ಅನ್ನೋದು ರೈತನಿಗೆ ಕೊಡಬಹುದಾದ ಸಲಹೆಗಳಲ್ಲೇ ಅತ್ಯಂತ ಕಷ್ಟದ್ದು. ಗರಿ ಕಣ್ಣೆದುರಿಗೆ ಕಪ್ಪಾಗ್ತಿರುವಾಗ ಸುಮ್ಮನೆ ಕೂತ್ಕೋ ಅಂದ್ರೆ ಯಾರು ಕೇಳ್ತಾರೆ? ಕಾರಣ ಅರ್ಥ ಆಗದೇ ಇದ್ದರೆ ಅದು ಸಲಹೆ ಅನ್ನಿಸಲ್ಲ, ಉದಾಸೀನ ಅನ್ನಿಸುತ್ತೆ. ಅಪ್ಪನ ಕೈಗೂ ಒಂದು ಕರಪತ್ರ ಬಂದಿತ್ತು. ಅದರಲ್ಲಿ "ಪರೋಪಜೀವಿ ಕೀಟಗಳ ಸಂರಕ್ಷಣೆಗೆ ಆದ್ಯತೆ ನೀಡುವುದು" ಅಂತ ಒಂದು ಸಾಲು. ಅಪ್ಪ ಅದನ್ನ ಓದಿದ್ದರು, ಓದಿ ಮಡಚಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದರು. ಯಾವ ಕೀಟ, ಎಲ್ಲಿರುತ್ತೆ, ಅದನ್ನ ಕಾಪಾಡೋದು ಅಂದ್ರೆ ಏನು ಮಾಡೋದು ಅಂತ ಆ ಸಾಲಿನಿಂದ ಯಾರಿಗೂ ಗೊತ್ತಾಗಲ್ಲ. ಸಾಲಿನಲ್ಲಿ ತಪ್ಪಿಲ್ಲ, ಇಂಗ್ಲಿಷೂ ಇಲ್ಲ. ಆದರೂ ನಮ್ಮ ಮನೆಯ ಎರಡು ಸ್ಪ್ರೇ ಖರ್ಚನ್ನ ಅದು ತಪ್ಪಿಸಲಿಲ್ಲ.

ಜಗಲಿ ಮೇಲೆ ಆಮೇಲೆ ಏನಾಯ್ತು ಅಂದ್ರೆ, ತಂಗಿಗೇ ಮನಸ್ಸು ತಡೀಲಿಲ್ಲ. ಎದ್ದು ಹೋಗಿ ಹಿತ್ತಲಿನ ಗಿಡ್ಡ ಮರದಿಂದ ಒಂದು ಗರಿಯ ತುಂಡು ಕಿತ್ತುಕೊಂಡು ಬಂದಳು. ಮಗುಚಿ ಹಿಡಿದು, "ತಾತ, ಈ ಬೆಳ್ಳಗಿರೋದು ಬದುಕಿರೋ ಹುಳ. ಇಲ್ಲಿ ನೋಡಿ, ಇದು ಕಪ್ಪಗಾಗಿದೆ. ಇದರೊಳಗೆ ಬೇರೆಯವನು ಸೇರ್ಕೊಂಡಿದಾನೆ. ಇದರಲ್ಲಿ ದುಂಡಗೆ ತೂತು ಕಾಣ್ತಿದೆಯಲ್ಲ, ಅವನು ತಿಂದು ಮುಗಿಸಿ ಹೊರಗೆ ಹಾರಿಹೋಗಿದಾನೆ" ಅಂದಳು. ತಾತ ಗರಿಯನ್ನ ಕೈಗೆ ತಗೊಂಡು ಬಿಸಿಲಿಗೆ ಹಿಡಿದು ನೋಡಿದರು. ಅವರ ಮೊದಲ ಪ್ರಶ್ನೆ: "ಹಂಗಾರೆ ಔಷಧಿ ಹೊಡುದ್ರೆ ಇವನೂ ಸಾಯ್ತಾನಲ್ಲವ್ವ?"

ಇಡೀ ಪ್ರಬಂಧದ ತಿರುಳು ಇದೇ. ಅದಕ್ಕೆ ಬೇಕಾಗಿದ್ದು ಒಂದು ಗರಿ ಮತ್ತು ಐದು ನಿಮಿಷ.

ತಾತನ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು. "ಹತ್ತರಾಗೆ ಎಷ್ಟು ಕಪ್ಪಗಿದ್ರೆ ನಾನು ಸುಮ್ಕೆ ಇರಬೋದು?" ತಂಗಿ ನಕ್ಕಳು. "ನಮ್ಮ ಗೈಡೂ ಇದನ್ನೇ ಕೇಳ್ತಾರೆ ತಾತ" ಅಂದಳು.

ಇದನ್ನೆಲ್ಲ ನಾನು ಯಾಕೆ ಬರೀತಿದೀನಿ ಅಂದ್ರೆ, ಸಂಶೋಧನೆಯನ್ನ ಜನಕ್ಕೆ ವಿವರಿಸೋದು ಅಂದ ಕೂಡಲೇ ನಮ್ಮಲ್ಲಿ ಎರಡು ರೀತಿಯ ಮಾತು ಬರುತ್ತೆ. ಒಂದು, "ಅದೆಲ್ಲ ಸಾಮಾನ್ಯರಿಗೆ ಅರ್ಥ ಆಗಲ್ಲ" ಅನ್ನೋದು. ಇನ್ನೊಂದು, "ಕನ್ನಡದಲ್ಲಿ ಬರೆದುಬಿಟ್ಟರೆ ಎಲ್ಲ ಸರಿಹೋಗುತ್ತೆ" ಅನ್ನೋದು. ಎರಡನೆಯದನ್ನ ಇಷ್ಟು ದಿನ ನಾನೂ ನಂಬಿದ್ದೆ. ಅದೇ ಜಗಲಿ ಮೇಲೆ ಅದೂ ಸುಳ್ಳಾಯ್ತು.

ಯಾಕಂದ್ರೆ ಅಲ್ಲಿ ನಮ್ಮ ಭಾವನೂ ಕೂತಿದ್ದರು. ಅವರು ಕನ್ನಡ ಎಂ.ಎ., ಈಗ ಸ್ಥಳನಾಮಗಳ ಮೇಲೆ ಪಿಎಚ್‌ಡಿ ಮಾಡ್ತಿದಾರೆ. ಶುದ್ಧ ಕನ್ನಡದಲ್ಲೇ ಬರೀತಿದಾರೆ. ನಮ್ಮಜ್ಜಿ ಅವರನ್ನ ಕೇಳಿದ್ದಕ್ಕೆ ಅವರು, "ಸ್ಥಳನಾಮಗಳಲ್ಲಿ ವಾರ್ಗಿಕ ಮತ್ತು ನಿರ್ದಿಷ್ಟ ಅಂತ ಎರಡು ಘಟಕ ಇರುತ್ತೆ ಅಜ್ಜಿ, ಅವುಗಳ ಭಾಷಿಕ ವಿಶ್ಲೇಷಣೆ" ಅಂದರು. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ಆದ್ರೂ ಆ ವಾಕ್ಯ ಅವರ ಪಾಲಿಗೆ ಲ್ಯಾಟಿನ್ ಇದ್ದ ಹಾಗೇ ಇತ್ತು. ನನಗೂ ಅಷ್ಟೇ ಅನ್ನಿ :)

ತಂಗಿಯ ಗರಿ ಪ್ರಯೋಗ ನೋಡಿ ಭಾವನಿಗೂ ಹುಮ್ಮಸ್ಸು ಬಂತು. "ಅಜ್ಜಿ, ತುರುವೇಕೆರೆ ಅಂತೀವಲ್ಲ, ಅದರಲ್ಲಿ ಕೆರೆ ಅನ್ನೋದು ಬೇರೆ ಊರುಗಳ ಹೆಸರಲ್ಲೂ ಬರುತ್ತೆ ತಾನೆ? ಅದು ವಾರ್ಗಿಕ. ಮುಂದಿರೋ ತುರು ಯಾವ ಕೆರೆ ಅಂತ ಹೇಳುತ್ತೆ, ಅದು ನಿರ್ದಿಷ್ಟ. ತುರು ಅಂದ್ರೆ ಹಳಗನ್ನಡದಲ್ಲಿ ಹಸು. ತಿಪಟೂರಲ್ಲಿ ಊರು, ಚಿಕ್ಕನಾಯಕನಹಳ್ಳಿಯಲ್ಲಿ ಹಳ್ಳಿ" ಅಂದರು. ಹಾಗಲವಾಡಿ ಪಾಳೆಯಗಾರರ ಚಿಕ್ಕನಾಯಕನ ಹೆಸರು ಆ ಊರಿಗೆ ನಿಂತಿದೆ ಅಂತಲೂ ಸೇರಿಸಿದರು. ಅಷ್ಟು ಸಾಕಾಯ್ತು. ಅಜ್ಜಿ ತಮ್ಮ ತವರಿನ ಸುತ್ತ ಇರೋ ಕೆರೆ, ಕಟ್ಟೆ, ಪಾಳ್ಯ, ಹಟ್ಟಿ ಎಲ್ಲ ಎಣಿಸೋಕೆ ಶುರು ಮಾಡಿದರು. ಕೊನೆಗೆ, "ಆ ಊರಿಗೆ ಕೆರೆ ಅಂತ ಹೆಸರಿದೆ, ಕೆರೆನೇ ಇಲ್ಲ. ನಾನು ಸಣ್ಣೋಳಿದ್ದಾಗ ಇತ್ತು" ಅಂತ ಒಂದು ಹೆಸರು ಹೇಳಿದರು. ಭಾವ ಜೇಬಿಂದ ಪೆನ್ನು ತೆಗೆದು, ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಹಿಂದೆ ಅದನ್ನ ಬರ್ಕೊಂಡರು!

ಅಂದ್ರೆ ತೊಡಕು ಇಂಗ್ಲಿಷಿನದ್ದಷ್ಟೇ ಅಲ್ಲ. ಪ್ರತಿ ಶಾಸ್ತ್ರಕ್ಕೂ ತನ್ನದೇ ಒಳಭಾಷೆ ಇದೆ. ಒಳಗಿರುವವರಿಗೆ ಅದು ಬೇಕು, ಬೇಡ ಅಂತ ನಾನು ಹೇಳಲ್ಲ. ನಾವು ಆಫೀಸಿನಲ್ಲಿ ಆಡೋ ಭಾಷೆ ನಮ್ಮಮ್ಮನಿಗೆ ಅರ್ಥ ಆಗುತ್ತಾ? ಆರು ವರ್ಷದಿಂದ ಕೆಲಸ ಮಾಡ್ತಿದೀನಿ, ಊರಲ್ಲಿ ಈಗಲೂ "ಇವನು ಕಂಪ್ಯೂಟರ್ ರಿಪೇರಿ ಮಾಡ್ತಾನೆ" ಅಂತಲೇ ಪರಿಚಯ. ಅದು ನನ್ನದೇ ತಪ್ಪು. ಆರು ವರ್ಷದಲ್ಲಿ ಒಂದು ಸಲನೂ ಕೂತು ಹೇಳಿಲ್ಲ.

ಹಾಗಂತ ಎಲ್ಲವನ್ನೂ ಎಲ್ಲರಿಗೂ ಹೇಳೋಕಾಗುತ್ತೆ ಅಂತಲೂ ಅಲ್ಲ. ನನ್ನ ಹಳೇ ರೂಂಮೇಟ್ ಒಬ್ಬ ಗಣಿತದಲ್ಲಿ ಸಂಶೋಧನೆ ಮಾಡ್ತಿದಾನೆ. ಅವನ ಪ್ರಶ್ನೆಯನ್ನ ನನಗೆ ಹೀಗೆ ಹೇಳಿದ್ದ: ಐವತ್ತು ತೋಟದಿಂದ ಕಾಯಿ ತುಂಬಿಕೊಂಡು ಬರೋಕೆ ಒಂದೇ ಟ್ರ್ಯಾಕ್ಟರ್ ಇದೆ, ಯಾವ ಕ್ರಮದಲ್ಲಿ ಹೋದ್ರೆ ಡೀಸೆಲ್ ಉಳಿಯುತ್ತೆ? ಪ್ರಶ್ನೆ ಅರ್ಥ ಆಯ್ತು. ಐವತ್ತಕ್ಕೇ ಲೆಕ್ಕ ಯಾಕೆ ಕೈಮೀರಿ ಹೋಗುತ್ತೆ ಅಂತ ಕೂಡ ಅರ್ಥ ಆಯ್ತು. ಅವನು ಅದಕ್ಕೆ ಏನು ಮಾಡ್ತಿದಾನೆ ಅನ್ನೋದು ಮಾತ್ರ, ಇಂಜಿನಿಯರಿಂಗ್ ಓದಿದ ನನಗೂ ಹತ್ತಲಿಲ್ಲ. ಅದರಿಂದ ನನಗೆ ಬೇಜಾರಾಗಲಿಲ್ಲ. ಪ್ರಶ್ನೆ ಏನು, ಯಾಕೆ ಕಷ್ಟ ಅಂತ ಗೊತ್ತಾದರೆ ಅರ್ಧ ದಾರಿ ಬಂದ ಹಾಗೆ.

ಈ ಕೆಲಸ ನಮ್ಮಲ್ಲಿ ಹೊಸದೂ ಅಲ್ಲ. ನಮ್ಮ ಜಿಲ್ಲೆಯ ಬೆಳ್ಳಾವೆಯ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳ್ತಿದ್ದವರು. 1918ರಲ್ಲೇ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ 'ವಿಜ್ಞಾನ' ಅಂತ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ನಡೆದದ್ದು ಎರಡೇ ವರ್ಷ. ಆದರೆ ನೂರು ವರ್ಷದ ಹಿಂದೆ, ಪದಗಳೇ ಇಲ್ಲದ ಕಾಲದಲ್ಲಿ, ಪದ ಹುಡುಕಿ, ಇಲ್ಲದಿದ್ದರೆ ಕಟ್ಟಿ ಬರೆದರಲ್ಲ! ಅದೇ ಮನುಷ್ಯ ಪಂಪಭಾರತವನ್ನೂ ಸಂಪಾದಿಸಿದರು. ಶಾಸ್ತ್ರಗಳ ನಡುವೆ ಬೇಲಿ ಹಾಕಿಕೊಂಡವರಲ್ಲ.

ಇನ್ನೂ ಹತ್ತಿರದವರು ತೀ.ನಂ.ಶ್ರೀ. ಆ 'ತೀ' ಅಂದ್ರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಅವರ 'ಭಾರತೀಯ ಕಾವ್ಯಮೀಮಾಂಸೆ' 1953ರಲ್ಲಿ ಬಂತು. ರಸ, ಧ್ವನಿ, ವಕ್ರೋಕ್ತಿ ಅಂತ ಸಂಸ್ಕೃತದಲ್ಲಿ ನೂರಾರು ವರ್ಷ ನಡೆದ ವಾದಗಳನ್ನ ಕನ್ನಡ ಓದುಗನ ಮುಂದೆ ಬಿಡಿಸಿ ಇಟ್ಟ ಪುಸ್ತಕ ಅದು. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದ್ತಿದ್ದ ನಾನು ಲೈಬ್ರರಿಯಲ್ಲಿ ಸುಮ್ಮನೆ ತೆಗೆದವನು ಅರ್ಧ ಓದಿದ್ದೆ. ಅರ್ಧವೇ ಯಾಕೆ ಅಂದ್ರೆ ಪರೀಕ್ಷೆ ಬಂತು. ಅರ್ಥ ಆಗದೆ ಬಿಟ್ಟಿದ್ದಲ್ಲ, ನನ್ನಂಥವನಿಗೂ ದಾರಿ ಸಿಕ್ಕಿತ್ತು.

ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು 2025ರಲ್ಲಿ ತೀರಿಕೊಂಡರು. ಅವರ ಕಾದಂಬರಿ ಓದದ ಮನೆ ನಮ್ಮ ಕಡೆ ಕಡಿಮೆ. ಅವರ ಡಾಕ್ಟರೇಟ್ ವಿಷಯ 'ಸತ್ಯ ಮತ್ತು ಸೌಂದರ್ಯ', ಕನ್ನಡದಲ್ಲಿ ಅದೇ ಹೆಸರಿನ ಪುಸ್ತಕವೂ ಇದೆ ಅಂದ್ರೆ ಎಷ್ಟು ಜನ ಹೌದಾ ಅಂತಾರೆ! ಬಿ.ಜಿ.ಎಲ್. ಸ್ವಾಮಿಯವರ ಮಾತೂ ಹಾಗೇ. ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ದೊಡ್ಡ ಹೆಸರು. ನಮಗೆಲ್ಲ ಗೊತ್ತಿರೋದು 'ಹಸುರು ಹೊನ್ನು'. ಇವರನ್ನ ನೋಡಿದರೆ, ಜನಕ್ಕೆ ಬರೆಯೋದರಿಂದ ಪಾಂಡಿತ್ಯ ತೆಳ್ಳಗಾಗುತ್ತೆ ಅನ್ನೋ ಪ್ರೊಫೆಸರುಗಳ ಭಯಕ್ಕೆ ಆಧಾರ ಇದ್ದ ಹಾಗೆ ಕಾಣಲ್ಲ.

ಹೊರದೇಶದವರು ಇದಕ್ಕೊಂದು ಸ್ಪರ್ಧೆಯನ್ನೇ ಮಾಡಿದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರು ಮಾಡಿದ್ದು, 'ತ್ರೀ ಮಿನಿಟ್ ಥೀಸಿಸ್' ಅಂತ. ಎಂಬತ್ತು ಸಾವಿರ ಪದದ ಪ್ರಬಂಧ ಓದಿ ಹೇಳೋಕೆ ಒಂಬತ್ತು ಗಂಟೆ ಬೇಕು, ನಿನಗೆ ಕೊಡೋದು ಮೂರು ನಿಮಿಷ, ತೋರಿಸೋಕೆ ಒಂದೇ ಸ್ಲೈಡು ಅಂತ ಲೆಕ್ಕ. ಇದು ಹುಟ್ಟಿದ ಕಥೆ ನಮ್ಮ ಸೀಮೆಯವರಿಗೆ ಇಷ್ಟ ಆಗುತ್ತೆ. ಅಲ್ಲಿ ಆಗ ಭಾರೀ ಬರಗಾಲ. ನೀರು ಉಳಿಸೋಕೆ ಸ್ನಾನ ಬೇಗ ಮುಗಿಸಿ ಅಂತ ಜನ ಬಚ್ಚಲುಮನೆ ಗೋಡೆಗೆ ಮೂರು ನಿಮಿಷದ ಮರಳು ಗಡಿಯಾರ ಅಂಟಿಸಿಕೊಂಡಿದ್ದರಂತೆ. ಅದನ್ನ ನೋಡಿ ಅಲ್ಲಿನ ಡೀನ್‌ಗೆ ಈ ಯೋಚನೆ ಹೊಳೀತು. ಸಾವಿರ ಅಡಿ ಬೋರು ಕೊರೆಸಿ ನೀರು ಕಾಣದ ನಮ್ಮೋರು ಇಂಥ ಎಷ್ಟು ಸ್ಪರ್ಧೆ ಹುಟ್ಟುಹಾಕಬಹುದಿತ್ತೋ!

ತಮಾಷೆ ಬಿಡಿ. ಆ ಸ್ಪರ್ಧೆಯ ವೀಡಿಯೋಗಳನ್ನ ನೋಡಿದೀನಿ, ಚೆನ್ನಾಗಿರುತ್ತೆ. ಆದ್ರೆ ಒಂದು ಕೊರತೆ ಅನ್ನಿಸುತ್ತೆ. ಅಲ್ಲಿ ಕೇಳೋರು ಚಪ್ಪಾಳೆ ತಟ್ಟಿ ಎದ್ದು ಹೋಗ್ತಾರೆ. "ಹತ್ತರಾಗೆ ಎಷ್ಟು ಕಪ್ಪಗಿದ್ರೆ" ಅಂತ ಯಾರೂ ಕೇಳಲ್ಲ. ಹೇಳೋದಕ್ಕಿಂತ ಕೇಳಿಸಿಕೊಳ್ಳೋದರಲ್ಲೇ ಸಂಶೋಧಕನಿಗೆ ಲಾಭ ಹೆಚ್ಚು. ಭಾವನಿಗೆ ಸಿಕ್ಕಿದ ಆ ಊರಿನ ಹೆಸರು ಯಾವ ಲೈಬ್ರರಿಯಲ್ಲೂ ಇರಲಿಲ್ಲ.

ಹಳೇ ನುಸಿ ಪೀಡೆಯ ಕಾಲದ ಮಾತೂ ಹೀಗೇ. ನುಸಿ 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ವರದಿಯಾಗಿ, ನೋಡ್ತಾ ನೋಡ್ತಾ ನಮ್ಮ ತೋಟಗಳಿಗೂ ಬಂತು. ಆಗ ನಾನಿನ್ನೂ ತೊಟ್ಟಿಲಲ್ಲಿದ್ದೆ, ಅಪ್ಪ ಹೇಳಿದ್ದನ್ನ ಕೇಳಿ ಗೊತ್ತು ಅಷ್ಟೇ. ಎಳೇ ಕಾಯಿಯ ತೊಟ್ಟಿನ ಟೊಪ್ಪಿಗೆಯೊಳಗೆ ಕೂತು ರಸ ಹೀರೋ ಈ ಜೀವಿಗೆ ಮೇಲಿಂದ ಔಷಧಿ ಹೊಡೆದರೆ ತಾಗೋದೇ ಕಷ್ಟ. ಅದಕ್ಕೇ ಬೇರಿಗೆ ಔಷಧಿ ಕಟ್ಟೋ ಉಪಾಯ ಹೇಳಿದ್ರು. ಒಂದು ಜೀವಂತ ಬೇರನ್ನ ಓರೆಯಾಗಿ ಕತ್ತರಿಸಿ, ಔಷಧಿ ಇರೋ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ಕಟ್ಟೋದು. ಮಾರನೇ ದಿನ ಚೀಲ ಖಾಲಿ ಆಗಿರ್ತಿತ್ತು. "ಮರ ಕುಡೀತು" ಅಂತ ಜನ ಒಪ್ಪಿದರು, ಕಣ್ಣಿಗೆ ಕಂಡಿತ್ತಲ್ಲ. ಆದರೆ ನುಸಿ ಹಿಡಿದ ಕಾಯಿಯ ಮಟ್ಟೆ ಬಿಗಿದುಕೊಂಡು ಸುಲಿಯೋಕೆ ಎಷ್ಟು ಕಷ್ಟ ಅಂತ ಮೊದಲು ಗೊತ್ತಾದದ್ದು ತಾತನಂಥ ಸುಲಿಯೋರ ರಟ್ಟೆಗೆ. ಅವರನ್ನ ಕೂರಿಸಿಕೊಂಡು ಕೇಳಿದವರು ಎಷ್ಟು ಜನ?

ಕರಾವಳಿಯಲ್ಲಿ 'ಅಡಿಕೆ ಪತ್ರಿಕೆ' 1988ರಿಂದ ರೈತರ ಕೈಗೇ ಪೆನ್ನು ಕೊಟ್ಟು ಬರೆಸ್ತಿದೆ. ತಿಪಟೂರಿನ ಹತ್ತಿರದ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಅಂದ್ರೆ ಜಾಗಗಳಿಗೆ ಬರವಿಲ್ಲ. ಇಲ್ಲದಿರೋದು ಒತ್ತಾಯ. ಪಿಎಚ್‌ಡಿ ಮುಗಿಸೋಕೆ ಏನೇನು ಬೇಕು ಅಂತ ನಿಯಮ ಇದೆ, ಪ್ರಬಂಧವನ್ನ ಶೋಧಗಂಗಾಕ್ಕೆ ಏರಿಸೋ ಏರ್ಪಾಡಿದೆ. ಮೌಖಿಕ ಪರೀಕ್ಷೆಗೆ ಯಾರು ಯಾರು ಬಂದು ಕೂರಬಹುದು ಅಂತ ಯುಜಿಸಿಯ 2016ರ ನಿಯಮದಲ್ಲಿ ಪಟ್ಟಿಯೇ ಇತ್ತು. ಸಲಹಾ ಸಮಿತಿಯವರು, ವಿಭಾಗದ ಅಧ್ಯಾಪಕರು, ಬೇರೆ ಸಂಶೋಧಕರು, ಆಸಕ್ತ ತಜ್ಞರು. ಯಾರ ತೋಟದಿಂದ ಗರಿ ಕಿತ್ತು ತಂದರೋ ಆ ರೈತ ಆ ಪಟ್ಟಿಯಲ್ಲಿಲ್ಲ. ನನ್ನ ಬೇಡಿಕೆ ದೊಡ್ಡದಲ್ಲ. ಪ್ರಬಂಧದ ಜೊತೆ ನಾಲ್ಕು ಪುಟ ಕನ್ನಡದಲ್ಲಿ ಬರೀಲಿ. ಅದನ್ನ ಬೇರೆ ವಿಭಾಗದ ಒಬ್ಬರು ಓದಿ ಅರ್ಥ ಆಯ್ತು ಅಂತ ಸಹಿ ಹಾಕಲಿ. ಕೀಟಶಾಸ್ತ್ರದ್ದಾದರೆ ಕನ್ನಡ ಮೇಷ್ಟ್ರು, ಕನ್ನಡದ್ದಾದರೆ ಗಣಿತದವರು. ಮಾಹಿತಿ ಎಲ್ಲಿಂದ ತಂದರೋ ಆ ಊರಿಗೆ ಒಂದು ಸಲ ಹೋಗಿ ಹೇಳಿ ಬರಲಿ. ಫೆಲೋಶಿಪ್ ಹಣ ತಿಂಗಳಾನುಗಟ್ಟಲೆ ಬರಲ್ಲ, ಗೈಡ್ ಮನೆ ಕೆಲಸ ಬೇರೆ, ಅದರ ಮೇಲೆ ಇದೊಂದು ಹೊರೆಯಾ ಅಂತ ತಂಗಿ ನನ್ನ ಮೇಲೆ ರೇಗಿದಳು. ಅವಳು ಹೇಳೋದೂ ನಿಜ. ಆದ್ರೆ ನಾಲ್ಕು ವರ್ಷದ ಕೆಲಸದಲ್ಲಿ ನಾಲ್ಕು ದಿನ ಕೇಳ್ತಿದೀನಿ.

ಇಷ್ಟು ಹಟ ಯಾಕೆ ಅಂದ್ರೆ, ಅದಕ್ಕೂ ಒಂದು ಕಾರಣ ಇದೆ. ನಾನು ಪಿಯುಸಿ ಓದುವಾಗ ನಮ್ಮ ತೋಟಕ್ಕೆ ಒಂದು ವಿಶ್ವವಿದ್ಯಾಲಯದಿಂದ ಸಂಶೋಧನೆ ಮಾಡೋ ಹುಡುಗ ಒಬ್ಬ ಬಂದಿದ್ದ. ಯಾವುದು ಅಂತ ಬೇಡ ಬಿಡಿ. ಅಪ್ಪನ ಒಪ್ಪಿಗೆ ಕೇಳಿ, ಇಪ್ಪತ್ತು ಮರಕ್ಕೆ ಬಿಳೀ ಬಣ್ಣದಲ್ಲಿ ನಂಬರ್ ಬರೆದ. ಎರಡು ವರ್ಷ, ತಿಂಗಳಿಗೊಮ್ಮೆ ಬರೋನು. ಉದುರಿದ ಹರಳು ಎಣಿಸೋನು, ಕಾಯಿ ತೂಗೋನು, ಮಣ್ಣು ಕಟ್ಟಿಕೊಂಡು ಹೋಗೋನು. ಬಂದಾಗೆಲ್ಲ ಅಪ್ಪ ಎಳನೀರು ಕೊಡ್ತಿದ್ದರು, ಅಮ್ಮ ಊಟ ಹಾಕ್ತಿದ್ದರು. ಒಳ್ಳೇ ಹುಡುಗ, ಅವನ ಬಗ್ಗೆ ನನಗೆ ಕೋಪ ಇಲ್ಲ. ಒಂದು ತಿಂಗಳು ಬರಲಿಲ್ಲ, ಆಮೇಲೆ ಯಾವತ್ತೂ ಬರಲಿಲ್ಲ. ಪ್ರಬಂಧ ಮುಗಿದಿರಬೇಕು. ಶೋಧಗಂಗಾದಲ್ಲಿ ಒಂದು ಇಡೀ ಭಾನುವಾರ ಹುಡುಕಿದೆ. ಅವನ ಪೂರ್ತಿ ಹೆಸರು ನಮ್ಮಲ್ಲಿ ಯಾರಿಗೂ ನೆನಪಿಲ್ಲ, ಸಿಗಲಿಲ್ಲ.

ಗೃಹಪ್ರವೇಶದ ಮಾರನೇ ದಿನ ಅಪ್ಪನ ಜೊತೆ ತೋಟಕ್ಕೆ ಹೋಗಿದ್ದೆ. ಬಣ್ಣ ಹೆಚ್ಚುಕಮ್ಮಿ ಮಾಸಿದೆ, ಕೆಲವು ಮರದ ಮೇಲೆ ಮಾತ್ರ ಓದೋಕಾಗುತ್ತೆ. ಹದಿನೇಳನೇ ನಂಬರಿನ ಮರದ ಹತ್ತಿರ ಅಪ್ಪ ನಿಂತರು. ಆ ಮರ ಮೊದಲಿಂದಲೂ ಕಾಯಿ ಕಡಿಮೆ. ಆ ಹುಡುಗನೂ ಪ್ರತಿ ಸಲ ಅಲ್ಲೇ ಜಾಸ್ತಿ ಹೊತ್ತು ನಿಲ್ತಿದ್ದನಂತೆ. ಅಪ್ಪ ತಲೆ ಎತ್ತಿ ಗೊನೆ ನೋಡ್ತಾ ಕೇಳಿದರು.

"ಇದಕ್ಕೆ ಏನಾಗಿದೆ ಅಂತ ಅವನಿಗೆ ಗೊತ್ತಾಯ್ತೇನೋ, ಅಲ್ವಾ?"